ಕರಾವಳಿಯ ಕಾಲೇಜು ಪ್ರಯೋಗಾಲಯಗಳಲ್ಲಿ ಅಪಾಯಕಾರಿ ರಾಸಾಯನಿಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದ ಪ್ರೌಢಶಾಲೆ, ಪಿಯು ಮತ್ತು ಪದವಿ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವ ಅಧ್ಯಾಪಕರು, ಲ್ಯಾಬ್ ಅಟೆಂಡರ್‌ಗಳು ಮತ್ತು ವಿದ್ಯಾರ್ಥಿಗಳಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಸುರಕ್ಷತೆಯ ಕೈಪಿಡಿಗಳು ಬಹುಮಟ್ಟಿಗೆ ಒಣ ಹವೆಯ, ಏಸಿ ಹಾಕಿದ ಕೊಠಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಒಸರುವ, ಉಪ್ಪುಗಾಳಿಗೆ ಕಬ್ಬಿಣದ ಕಪಾಟು ಎರಡೇ ವರ್ಷದಲ್ಲಿ ತುಕ್ಕು ಹಿಡಿಯುವ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರಗಳಲ್ಲಿ ಅವನ್ನು ಹಾಗೆಯೇ ಪಾಲಿಸಿದರೆ ಸಾಲದು. ಪ್ರಯೋಗ ನಡೆಯುವ ಎರಡು ಗಂಟೆ ಎಲ್ಲರ ಕಣ್ಣೂ ಮೇಜಿನ ಮೇಲಿರುತ್ತದೆ. ಆದರೆ ಇಲ್ಲಿನ ಅಪಾಯ ಹೆಚ್ಚಾಗಿ ಹುಟ್ಟುವುದು ಯಾರೂ ನೋಡದೆ ತಿಂಗಳುಗಟ್ಟಲೆ ನಿಂತಿರುವ ಬಾಟಲಿಗಳಲ್ಲಿ. ಕೆಳಗಿನ ಉತ್ತರಗಳಲ್ಲಿ ಶೇಖರಣೆಯ ಮಾತು ಹೆಚ್ಚಾಗಿರುವುದು ಅದಕ್ಕಾಗಿ.

ಮಳೆಗಾಲ ಹಿಡಿಯುವ ಮೊದಲು ಸ್ಟೋರ್ ರೂಮಿನಲ್ಲಿ ಏನೇನು ನೋಡಿಕೊಳ್ಳಬೇಕು?

ಮೇ ತಿಂಗಳ ರಜೆಯಲ್ಲಿ ಒಂದು ದಿನವನ್ನು ಇದಕ್ಕೆಂದೇ ಮೀಸಲಿಡುವುದು ಒಳ್ಳೆಯದು. ಮೊದಲು ಪ್ರತಿ ಬಾಟಲಿಯ ಮುಚ್ಚಳವನ್ನು ನೋಡಿ. ಸೋಡಿಯಂ ಹೈಡ್ರಾಕ್ಸೈಡ್, ಕ್ಯಾಲ್ಸಿಯಂ ಕ್ಲೋರೈಡ್, ಜಿಂಕ್ ಕ್ಲೋರೈಡ್, ಫೆರಿಕ್ ಕ್ಲೋರೈಡ್ ಮುಂತಾದವು ಗಾಳಿಯ ತೇವವನ್ನು ಹೀರಿಕೊಂಡು ತಾವೇ ಅದರಲ್ಲಿ ಕರಗಿಹೋಗುವ ಗುಣದವು. ಸಡಿಲ ಮುಚ್ಚಳದ ಸೋಡಿಯಂ ಹೈಡ್ರಾಕ್ಸೈಡ್ ಡಬ್ಬಿಯಲ್ಲಿ ಜೂನ್‌ನಲ್ಲಿ ಬಿಳಿ ಗುಳಿಗೆಗಳಿದ್ದರೆ, ಆಗಸ್ಟ್ ಹೊತ್ತಿಗೆ ಮೇಲೆ ಜಿಗುಟು ನೀರು ನಿಂತಿರುತ್ತದೆ. ಅದು ಚರ್ಮವನ್ನು ಸುಡುವಷ್ಟು ಗಾಢವಾದ ದ್ರಾವಣ. ಡಬ್ಬಿಯ ಹೊರಮೈಗೆ ಇಳಿದು ಒಣಗಿದ ಅದರ ಗೆರೆಯನ್ನು ಮುಟ್ಟಿದವರಿಗೆ ಬೆರಳು ಜಾರುವ ಅನುಭವವಾಗುತ್ತದೆ. ಕ್ಷಾರವು ಚರ್ಮದ ಎಣ್ಣೆಯಂಶವನ್ನು ಆಗಲೇ ಸಾಬೂನಾಗಿಸುತ್ತಿದೆ ಎಂಬುದರ ಸೂಚನೆ ಅದು. ಕ್ಷಾರದ ಬಾಟಲಿಗಳಿಗೆ ಗಾಜಿನ ಬಿರಡೆ ಹಾಕಬಾರದು, ಏಕೆಂದರೆ ಅದು ಕಚ್ಚಿ ಹಿಡಿದುಕೊಳ್ಳುತ್ತದೆ, ಬಲವಂತವಾಗಿ ತಿರುಗಿಸಿದಾಗ ಬಾಟಲಿಯ ಕತ್ತೇ ಮುರಿಯುತ್ತದೆ. ರಬ್ಬರ್ ಬಿರಡೆ ಇಲ್ಲವೇ ಪ್ಲಾಸ್ಟಿಕ್ ತಿರುಪು ಮುಚ್ಚಳ ಸಾಕು.

ಗಾಢ ಸಲ್ಫ್ಯೂರಿಕ್ ಆಮ್ಲವೂ ತೇವವನ್ನು ಎಳೆದುಕೊಳ್ಳುತ್ತದೆ. ಕತ್ತಿನವರೆಗೆ ತುಂಬಿಸಿ ಸಡಿಲವಾಗಿ ಮುಚ್ಚಿಟ್ಟ ಬಾಟಲಿಯಲ್ಲಿ ಮಳೆಗಾಲ ಮುಗಿಯುವುದರೊಳಗೆ ಮಟ್ಟ ಏರಿ, ಆಮ್ಲ ಹೊರಗೆ ಜಿನುಗಿ, ಕೆಳಗಿನ ಮರದ ಹಲಗೆ ಕಪ್ಪಾಗಿರುವುದನ್ನು ಕಾಣಬಹುದು. ಆಮ್ಲದ ಪ್ರತಿ ಬಾಟಲಿಯೂ ಪ್ಲಾಸ್ಟಿಕ್ ಟ್ರೇಯೊಳಗೆ ನಿಂತಿರಲಿ. ಬಾಟಲಿ ಒಡೆದರೂ ಅದರೊಳಗಿನ ಇಡೀ ಆಮ್ಲ ಹಿಡಿಸುವಷ್ಟು ಆ ಟ್ರೇ ಆಳವಿರಬೇಕು.

ನಿರ್ಜಲ ಅಲ್ಯೂಮಿನಿಯಂ ಕ್ಲೋರೈಡ್, ಅಸಿಟೈಲ್ ಕ್ಲೋರೈಡ್, ರಂಜಕದ ಪೆಂಟಾಕ್ಸೈಡ್ ಮತ್ತು ಕ್ಯಾಲ್ಸಿಯಂ ಕಾರ್ಬೈಡ್ ಈ ನಾಲ್ಕು ನೀರನ್ನು ಕಂಡರೆ ಕೆರಳುವವು. ಮೊದಲ ಎರಡು ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಿಡುತ್ತವೆ, ಕಾರ್ಬೈಡ್ ಹೊತ್ತಿಕೊಳ್ಳುವ ಅಸಿಟಿಲೀನ್ ಅನ್ನು ಕೊಡುತ್ತದೆ. ಇವುಗಳ ಬಾಟಲಿಯನ್ನು ಸಿಲಿಕಾ ಜೆಲ್ ಹಾಕಿದ ಇನ್ನೊಂದು ಬಿಗಿ ಡಬ್ಬಿಯೊಳಗೆ ಇಟ್ಟು, ಸೋರುವ ಛಾವಣಿ, ಕಿಟಕಿ ಮತ್ತು ನಲ್ಲಿಯಿಂದ ದೂರವಿಡಬೇಕು. ವರ್ಷಕ್ಕೆ ಹತ್ತು ಗ್ರಾಂ ಬೇಕಾದಲ್ಲಿ ಅರ್ಧ ಕಿಲೋ ತರಿಸುವ ರೂಢಿಯನ್ನು ಬಿಟ್ಟರೆ ಈ ತಾಪತ್ರಯದ ಅರ್ಧ ಭಾಗ ಇರುವುದೇ ಇಲ್ಲ. ದೊಡ್ಡ ಪ್ಯಾಕ್ ಅಗ್ಗ ಎಂಬ ಲೆಕ್ಕ ಕರಾವಳಿಯ ಹವೆಯಲ್ಲಿ ನಿಲ್ಲುವುದಿಲ್ಲ.

ಆಮ್ಲಗಳನ್ನು ಯಾವುದರ ಪಕ್ಕದಲ್ಲಿ ಇಡಬಾರದು?

ಅಕಾರಾದಿಯಾಗಿ ಜೋಡಿಸಿದ ಕಪಾಟು ನೋಡಲು ಅಂದ, ಆದರೆ ಅಪಾಯಕಾರಿ. ರಾಸಾಯನಿಕಗಳನ್ನು ಹೆಸರಿನ ಪ್ರಕಾರವಲ್ಲದೆ ಗುಣದ ಪ್ರಕಾರ ಜೋಡಿಸಬೇಕು.

ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಅಮೋನಿಯಾ ದ್ರಾವಣ ಒಂದೇ ಕಪಾಟಿನಲ್ಲಿದ್ದರೆ ಸುತ್ತಲಿನ ಎಲ್ಲ ಬಾಟಲಿಗಳ ಮೇಲೆ ಬಿಳಿ ಪುಡಿಯ ಪೊರೆಯೊಂದು ಕೂತಿರುತ್ತದೆ. ಅದು ಎರಡರ ಹಬೆ ಕೂಡಿ ಆದ ಅಮೋನಿಯಂ ಕ್ಲೋರೈಡ್. ಎರಡೂ ಮುಚ್ಚಳಗಳು ಸೋರುತ್ತಿವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನೈಟ್ರಿಕ್ ಆಮ್ಲ ಪ್ರಬಲ ಉತ್ಕರ್ಷಕ, ಅಂದರೆ ಬೇರೆ ವಸ್ತು ಹೊತ್ತಿ ಉರಿಯಲು ನೆರವಾಗುವಂಥದ್ದು; ಆದ್ದರಿಂದ ಅದನ್ನು ಅಸಿಟಿಕ್ ಆಮ್ಲ, ಅಸಿಟೋನ್, ಆಲ್ಕೊಹಾಲ್‌ಗಳಿಂದ ಪೂರ್ತಿ ಬೇರೆಯಾಗಿ ಇಡಬೇಕು. ಅಸಿಟಿಕ್ ಆಮ್ಲ ಹೆಸರಿಗೆ ಆಮ್ಲವಾದರೂ ಅದು ಹೊತ್ತಿ ಉರಿಯುವ ದ್ರವ ಎಂಬುದನ್ನು ಅನೇಕರು ಮರೆಯುತ್ತಾರೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಗ್ಲಿಸರಿನ್ ಬೆರೆತರೆ ಬೆಂಕಿಕಡ್ಡಿಯ ಹಂಗಿಲ್ಲದೆ ಉರಿ ಏಳುತ್ತದೆ, ಆದ್ದರಿಂದ ಅವೂ ದೂರ ದೂರ ಇರಲಿ.

ನಮ್ಮ ಕಡೆಗೆ ವಿಶೇಷವಾದ ಇನ್ನೊಂದು ಸಂಗತಿ ಬ್ಲೀಚಿಂಗ್ ಪೌಡರ್. ಮಳೆಗಾಲದಲ್ಲಿ ಬಾವಿಗೆ ಹಾಕಲೆಂದು ತರಿಸಿದ ಚೀಲವನ್ನು, ಜಾಗವಿದೆ ಎಂಬ ಒಂದೇ ಕಾರಣಕ್ಕೆ, ಲ್ಯಾಬಿನ ಸ್ಟೋರ್ ರೂಮಿನಲ್ಲಿ ಆಮ್ಲದ ಬಾಟಲಿಗಳ ಕೆಳಗೆ ಇಡುವುದುಂಟು. ಮೇಲಿನ ಬಾಟಲಿ ಸೋರಿ ಆಮ್ಲ ಆ ಚೀಲಕ್ಕೆ ತಾಗಿದರೆ ಹೊರಡುವುದು ಕ್ಲೋರಿನ್ ಅನಿಲ. ಆ ಚೀಲಕ್ಕೆ ಬೇರೆ ಕೋಣೆ ಬೇಕು, ಅದು ಲ್ಯಾಬಿನ ಸಾಮಾನೇ ಅಲ್ಲ.

ಗಾಢ ಆಮ್ಲವನ್ನು ತೆಳುಗೊಳಿಸುವಾಗ ಯಾವುದಕ್ಕೆ ಯಾವುದನ್ನು ಹಾಕಬೇಕು?

ನೀರಿಗೆ ಆಮ್ಲವನ್ನು, ತೆಳ್ಳಗೆ ಧಾರೆಯಾಗಿ, ಗಾಜಿನ ಕಡ್ಡಿಯಿಂದ ಕಲಕುತ್ತಾ ಹಾಕಬೇಕು. 98 ಪ್ರತಿಶತ ಸಲ್ಫ್ಯೂರಿಕ್ ಆಮ್ಲದ ಸಾಂದ್ರತೆ ನೀರಿನ 1.84 ಪಟ್ಟು ಇರುವುದರಿಂದ ಆಮ್ಲದ ಮೇಲೆ ನೀರು ಸುರಿದರೆ ನೀರು ಮೇಲೆಯೇ ತೇಲಿ, ಎರಡೂ ಕೂಡುವ ಜಾಗದಲ್ಲಿ ಹುಟ್ಟಿದ ಶಾಖಕ್ಕೆ ಕುದಿದು, ಆಮ್ಲವನ್ನೂ ಎತ್ತಿಕೊಂಡು ಮುಖಕ್ಕೆ ಸಿಡಿಯುತ್ತದೆ. ಬೀಕರನ್ನು ತಣ್ಣೀರಿನ ಟಬ್ಬಿನಲ್ಲಿ ನಿಲ್ಲಿಸಿಕೊಂಡರೆ ಇನ್ನೂ ಒಳ್ಳೆಯದು. ದಪ್ಪ ಗಾಜಿನ ಅಳತೆ ಜಾಡಿಯಲ್ಲಿ ಇದನ್ನು ಮಾಡಬಾರದು, ಶಾಖಕ್ಕೆ ಅದು ಬಿರಿಯುತ್ತದೆ.

ಸೋಡಿಯಂ ಲೋಹವನ್ನು ಮಳೆಗಾಲದಲ್ಲಿ ಬಳಸಬಹುದೇ?

ಬಳಸಬಹುದು. ಸಾವಯವ ಪದಾರ್ಥಗಳ ವಿಶ್ಲೇಷಣೆಯಲ್ಲಿ, ಪದಾರ್ಥವನ್ನು ಸೋಡಿಯಂ ಜೊತೆ ಕಾಯಿಸಿ ಅದರೊಳಗಿನ ಧಾತುಗಳನ್ನು ಗುರುತಿಸುವ ಲಸ್ಸೇನ್ ಪರೀಕ್ಷೆ ಇರುವವರೆಗೆ ಅದನ್ನು ತಪ್ಪಿಸುವಂತೆಯೂ ಇಲ್ಲ. ಆದರೆ ಸೀಮೆಎಣ್ಣೆಯಿಂದ ಎತ್ತಿದ ತುಂಡು ಸೇರಬೇಕಾದ ಫಿಲ್ಟರ್ ಕಾಗದ, ಚಾಕು, ಚಿಮಟ, ಫ್ಯೂಷನ್ ಟ್ಯೂಬ್ ಎಲ್ಲವೂ ನಿಜಕ್ಕೂ ಒಣಗಿರಬೇಕು. ಜುಲೈ ತಿಂಗಳಲ್ಲಿ ಡ್ರಾಯರಿನಿಂದ ತೆಗೆದ ಫಿಲ್ಟರ್ ಕಾಗದ ಒಣಗಿದಂತೆ ಕಂಡರೂ ಒಣಗಿರುವುದಿಲ್ಲ. ಅದನ್ನು ಓವನ್ನಿನಲ್ಲಿಯೋ ಬಲ್ಬಿನ ಕೆಳಗೋ ಇಟ್ಟು ತೆಗೆಯಬೇಕು. ವಿದ್ಯಾರ್ಥಿಗಳಿಗೆ ಡಬ್ಬಿಯನ್ನು ಕೊಡದೆ, ಅಧ್ಯಾಪಕರೇ ಒಣಗಿದ ಕಡಲೆಬೇಳೆಗಿಂತ ಚಿಕ್ಕ ತುಂಡುಗಳನ್ನು ಕತ್ತರಿಸಿ ಕೊಡುವುದು ಉಚಿತ. ಕ್ಲೋರೋಫಾರ್ಮ್ ಮತ್ತು ಕಾರ್ಬನ್ ಟೆಟ್ರಾಕ್ಲೋರೈಡ್‌ಗಳನ್ನು ಎಂದಿಗೂ ಸೋಡಿಯಂ ಜೊತೆ ಕಾಯಿಸಬಾರದು, ಅವು ಸ್ಫೋಟಿಸುತ್ತವೆ.

ಉಳಿದ ಚೂರುಗಳನ್ನು ಸಿಂಕಿಗೆ ಎಸೆಯುವುದರಿಂದಲೇ ಬೆಂಕಿ ಹತ್ತುವುದು. ಅವುಗಳನ್ನು ಜ್ವಾಲೆಯಿಲ್ಲದ ಜಾಗದಲ್ಲಿ, ಹೊಗೆ-ಅನಿಲಗಳನ್ನು ಫ್ಯಾನಿನಿಂದ ಹೊರಗೆಳೆಯುವ ಗೂಡಾದ ಫ್ಯೂಮ್ ಹುಡ್‌ನೊಳಗೆ, ಐಸೊಪ್ರೊಪೈಲ್ ಆಲ್ಕೊಹಾಲಿಗೆ ಒಂದೊಂದಾಗಿ ಹಾಕಿ, ಗುಳ್ಳೆ ಪೂರ್ತಿ ನಿಂತ ಮೇಲೆಯೇ ನೀರು ಸೇರಿಸಬೇಕು.

ಸೋಡಿಯಂ ಬೆಂಕಿಗೆ ನೀರೂ ಸಲ್ಲದು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಸಲ್ಲದು; ಒಣ ಮರಳು ಬೇಕು. ಇಲ್ಲಿ "ಒಣ" ಎಂಬುದಕ್ಕೆ ಒತ್ತು ಕೊಡಬೇಕಾಗಿದೆ. ವರಾಂಡದ ಕೊಕ್ಕೆಗೆ ನೇತುಹಾಕಿದ ಕೆಂಪು ಬಕೆಟ್ಟಿಗೆ ಇರಿಚಲು ಹೊಡೆದು, ಮೇಲೆ ಒಣಗಿ ಕೆಳಗೆ ಒದ್ದೆಯಾದ ಮರಳು ಗಟ್ಟಿ ಹೆಂಟೆಯಾಗಿ ನಿಂತಿರುವುದನ್ನು ಯಾವ ಕಾಲೇಜಿನಲ್ಲಿ ಬೇಕಾದರೂ ನೋಡಬಹುದು. ಕಡಲ ದಂಡೆಯಿಂದ ತಂದ ಮರಳಾದರೆ ಅದರಲ್ಲಿನ ಉಪ್ಪು ಮತ್ತಷ್ಟು ತೇವ ಹಿಡಿಯುತ್ತದೆ. ಹೊಳೆಯ ಮರಳನ್ನು ಬಾಣಲೆಯಲ್ಲಿ ಹುರಿದು, ಆರಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಸೋಡಿಯಂ ಬಳಸುವ ಮೇಜಿನ ಪಕ್ಕದಲ್ಲೇ ಇಡಿ.

ಈಥರ್ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಬಹುದೇ?

ಮನೆಬಳಕೆಯ ಫ್ರಿಜ್ಜಿನಲ್ಲಿ ಕೂಡದು. ಡೈಈಥೈಲ್ ಈಥರ್ ಕುದಿಯುವುದು 34.6 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಕಾರವಾರದ ತಾಪಮಾನ ಹೆಚ್ಚುಕಡಿಮೆ ಅದರ ಹತ್ತಿರ ಬರುವುದರಿಂದ ಅದನ್ನು ತಂಪಾಗಿಡಬೇಕೆಂಬ ಯೋಚನೆ ಸಹಜವೇ. ಆದರೆ ಸಾಮಾನ್ಯ ಫ್ರಿಜ್ಜಿನ ಥರ್ಮೋಸ್ಟಾಟ್ ಮತ್ತು ಬಾಗಿಲಿನ ದೀಪದ ಸ್ವಿಚ್ಚಿನಲ್ಲಿ ಕಿಡಿ ಹಾರುತ್ತದೆ, ಈಥರಿನ ಹಬೆಯೋ ಸೊನ್ನೆಗಿಂತ 45 ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲದು. ಒಳಗೆ ಕಿಡಿ ಹಾರದಂತೆ ತಯಾರಿಸಿದ ಲ್ಯಾಬ್ ಫ್ರಿಜ್ ಇಲ್ಲದಿದ್ದರೆ, ನೆಲಮಟ್ಟದ, ಬಿಸಿಲು ಬೀಳದ, ಗಾಳಿಯಾಡುವ ಕಪಾಟಿನಲ್ಲಿ ಸಣ್ಣ ಬಾಟಲಿಯೊಂದನ್ನು ಮಾತ್ರ ಇಡಿ.

ಇನ್ನೂ ಒಂದು ಎಚ್ಚರಿಕೆ ಇದೆ. ತೆರೆದ ಈಥರ್ ಗಾಳಿಯ ಆಮ್ಲಜನಕದೊಂದಿಗೆ ನಿಧಾನವಾಗಿ ಪೆರಾಕ್ಸೈಡ್ ಆಗುತ್ತದೆ, ಆ ಪೆರಾಕ್ಸೈಡ್ ಬಟ್ಟಿ ಇಳಿಸುವಾಗ ಸಿಡಿಯುತ್ತದೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ, ಆರು ತಿಂಗಳು ದಾಟಿದ್ದನ್ನು ಪರೀಕ್ಷಿಸದೆ ಬಳಸಬೇಡಿ. ಮುಚ್ಚಳದ ಸುತ್ತ ಹರಳು ಕಂಡರೆ ಬಾಟಲಿಯನ್ನು ತೆರೆಯುವುದಿರಲಿ, ಅಲುಗಿಸಲೂ ಹೋಗಬೇಡಿ. ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಂಗಾಂಶಗಳನ್ನು ಕೆಡದಂತೆ ಹಿಡಿದಿಡುವ ಬುವಾನ್ ದ್ರಾವಣಕ್ಕಾಗಿ ತರಿಸಿದ ಪಿಕ್ರಿಕ್ ಆಮ್ಲಕ್ಕೂ ಇದೇ ಮಾತು: ನೀರಿನಲ್ಲಿ ತೊಯ್ದಿರುವವರೆಗೆ ಅದು ಸೌಮ್ಯ, ಒಣಗಿದರೆ ಸ್ಫೋಟಕ.

ಮೀನು, ಏಡಿ, ಪ್ಲಾಂಕ್ಟನ್ ಮಾದರಿಗಳಿಗೆ ಫಾರ್ಮಲಿನ್ ಬಳಸುವಾಗ ಏನು ಎಚ್ಚರಿಕೆ ಬೇಕು?

ಕಡಲ ಜೀವಶಾಸ್ತ್ರದ ಅಧ್ಯಯನ ನಡೆಯುವ ಈ ದಂಡೆಯಲ್ಲಿ ಆಮ್ಲಕ್ಕಿಂತ ಫಾರ್ಮಲಿನ್ ಜೊತೆಗೇ ಹೆಚ್ಚು ಜನ ದಿನನಿತ್ಯ ಕೆಲಸ ಮಾಡುತ್ತಾರೆ. ಹಾಗಿದ್ದೂ ಅದರ ಬಗ್ಗೆ ಇರುವ ಸಲಿಗೆ ಕಳವಳ ಹುಟ್ಟಿಸುವಂಥದ್ದು. ಅಂಗಡಿಯಿಂದ ಬರುವ ಫಾರ್ಮಲಿನ್ ಎಂದರೆ ನೀರಿನಲ್ಲಿ ಸುಮಾರು 37 ಪ್ರತಿಶತ ಫಾರ್ಮಾಲ್ಡಿಹೈಡ್ ಕರಗಿದ ದ್ರಾವಣ. ಸ್ಥಿರತೆಗಾಗಿ ಅದಕ್ಕೆ ಮೆಥನಾಲ್ ಸೇರಿಸಿರುತ್ತಾರೆ. ಇದರ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಸೇರಿಸಿದ್ದನ್ನು 10 ಪ್ರತಿಶತ ಫಾರ್ಮಲಿನ್ ಎನ್ನುವುದು ರೂಢಿ, ಅದರಲ್ಲಿ ನಿಜವಾಗಿ ಇರುವ ಫಾರ್ಮಾಲ್ಡಿಹೈಡ್ ಸುಮಾರು 3.7 ಪ್ರತಿಶತ ಮಾತ್ರ. ಈ ಎರಡು ಲೆಕ್ಕಗಳನ್ನು ಕಲಸಿಕೊಂಡು ಬೇಕಾದ್ದಕ್ಕಿಂತ ಎರಡು-ಮೂರು ಪಟ್ಟು ಗಾಢವಾಗಿ ಮಾಡುವವರಿದ್ದಾರೆ. ಜಾಡಿಯ ಲೇಬಲ್ಲಿನಲ್ಲಿ "10 ಪ್ರತಿಶತ ಫಾರ್ಮಲಿನ್" ಎಂದು ಬರೆದಿದೆಯೋ, "10 ಪ್ರತಿಶತ ಫಾರ್ಮಾಲ್ಡಿಹೈಡ್" ಎಂದು ಬರೆದಿದೆಯೋ ಎಂಬುದನ್ನು ಓದಿಯೇ ಮುಂದುವರಿಯಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಫಾರ್ಮಾಲ್ಡಿಹೈಡ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕಣ್ಣುರಿ, ಮೂಗುರಿಗಳಿಗೆ ಒಗ್ಗಿಹೋದವರಿಗೂ ಅಪಾಯ ಕಡಿಮೆಯಾಗುವುದಿಲ್ಲ, ಮೂಗು ಮಾತ್ರ ಎಚ್ಚರಿಸುವುದನ್ನು ನಿಲ್ಲಿಸಿರುತ್ತದೆ. ಕೆಲವರ ಚರ್ಮಕ್ಕೆ ಒಮ್ಮೆ ಅಲರ್ಜಿ ಅಂಟಿದರೆ ಮುಂದೆ ಒಂದು ಹನಿ ತಾಗಿದರೂ ಗಂದೆ ಏಳುತ್ತವೆ.

ದ್ರಾವಣ ತಯಾರಿಸುವ ಕೆಲಸ ಹುಡ್‌ನೊಳಗೆ ಇಲ್ಲವೇ ತೆರೆದ ವರಾಂಡದಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಡೆಯಲಿ. ಕನ್ನಡಕ ಮತ್ತು ನೈಟ್ರೈಲ್ ಕೈಗವಸು ಕಡ್ಡಾಯ. ಛೇದನಕ್ಕೆ ತೆಗೆದುಕೊಳ್ಳುವ ಮೀನನ್ನು ಹಿಂದಿನ ದಿನವೇ ನೀರಿನಲ್ಲಿ ನೆನೆಸಿ, ನೀರನ್ನು ಹಲವು ಸಲ ಬದಲಿಸಿದರೆ ಮೇಜಿನ ಮೇಲೆ ಏಳುವ ಘಾಟು ಬಹಳಷ್ಟು ಇಳಿಯುತ್ತದೆ. ಆ ತೊಳೆದ ನೀರೂ ತ್ಯಾಜ್ಯವೇ ಎಂಬುದು ನೆನಪಿರಲಿ. ಚಿಪ್ಪಿನ ಜೀವಿಗಳ ಮಾದರಿಗೆ ಬೋರಾಕ್ಸ್ ಸೇರಿಸುವುದನ್ನು ಮರೆಯಬಾರದು, ಏಕೆಂದರೆ ಫಾರ್ಮಲಿನ್ ಹಳೆಯದಾದಂತೆ ಆಮ್ಲೀಯವಾಗಿ ಚಿಪ್ಪನ್ನು ಕರಗಿಸುತ್ತದೆ. ಇದು ಸುರಕ್ಷತೆಗಿಂತ ಮಾದರಿಯ ಹಿತದ ಮಾತು, ಆದರೂ ಹೇಳಬೇಕಾದದ್ದು. ಜಾಡಿಯೊಳಗಿನ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಉಳಿಯುವುದಿಲ್ಲ.

ಫಾರ್ಮಲಿನ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಒಂದೇ ಕಪಾಟಿನಲ್ಲಿರಬಾರದು. ಎರಡರ ಹಬೆ ಕೂಡಿದರೆ ಬಿಸ್-ಕ್ಲೋರೋಮೀಥೈಲ್ ಈಥರ್ ಎಂಬ, ಫಾರ್ಮಾಲ್ಡಿಹೈಡ್‌ಗಿಂತ ಕೆಟ್ಟ ಕ್ಯಾನ್ಸರ್‌ಕಾರಕ ಉಂಟಾಗುವ ಸಾಧ್ಯತೆ ಇದೆ. ಇನ್ನು ಸಂಗ್ರಹ ಪ್ರವಾಸಕ್ಕೆ ಕುಡಿಯುವ ನೀರಿನ ಬಾಟಲಿಯಲ್ಲಿ ಫಾರ್ಮಲಿನ್ ತುಂಬಿಸಿಕೊಂಡು ಹೋಗುವ ಪದ್ಧತಿಗೆ ಯಾವ ಸಮಜಾಯಿಷಿಯೂ ಇಲ್ಲ. ಬಿಸಿಲಿನಲ್ಲಿ ದಣಿದವನೊಬ್ಬ ದೋಣಿಯಲ್ಲಿ ಆ ಬಾಟಲಿಗೆ ಕೈ ಹಾಕಿದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಹೈಡ್ರೋಜನ್ ಸಲ್ಫೈಡ್ ವಾಸನೆ ನಿಂತಿತೆಂದರೆ ಅನಿಲ ಹೋಯಿತೆಂದು ತಿಳಿಯಬಹುದೇ?

ಖಂಡಿತ ತಿಳಿಯಬಾರದು. ಗಾಳಿಯಲ್ಲಿ ದಶಲಕ್ಷಕ್ಕೆ ಒಂದು ಭಾಗಕ್ಕಿಂತ ಕಡಿಮೆ ಇರುವಾಗಲೇ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಆದರೆ ನೂರು ಭಾಗದ ಆಸುಪಾಸಿಗೆ ಏರಿದಾಗ ವಾಸನೆ ಹಿಡಿಯುವ ನರವೇ ಮರಗಟ್ಟಿ, ಏನೂ ಇಲ್ಲವೆನಿಸುತ್ತದೆ. ಈ ಅನಿಲವನ್ನು ತಯಾರಿಸುವ ಕಿಪ್ ಉಪಕರಣವನ್ನು ಹುಡ್‌ನಿಂದ ಹೊರಗೆ ಇಡಕೂಡದು, ಒದ್ದೆ ಮಾಡಿದ ಲೆಡ್ ಅಸಿಟೇಟ್ ಕಾಗದ ಕಪ್ಪಾಗುತ್ತದೆಯೇ ಎಂದು ಆಗಾಗ ನೋಡಬೇಕು.

ಇದರ ಜೊತೆಗೆ ಎರಡು ಸ್ಥಳೀಯ ತೊಡಕುಗಳಿವೆ. ಮಳೆಗಾಲದಲ್ಲಿ ಕರೆಂಟು ಹೋಗುವುದು ನಮ್ಮಲ್ಲಿ ಮಾಮೂಲು, ಅದು ಹೋದ ಕ್ಷಣದಲ್ಲಿ ಹುಡ್‌ನ ಫ್ಯಾನೂ ನಿಲ್ಲುತ್ತದೆ. ಫ್ಯಾನ್ ನಿಂತರೆ ಬರ್ನರ್ ಆರಿಸಿ, ಅನಿಲದ ನಲ್ಲಿ ಮುಚ್ಚಿ, ಹುಡ್‌ನ ಗಾಜು ಇಳಿಸಿ ಎಲ್ಲರೂ ಹೊರಬರಬೇಕು ಎಂಬ ನಿಯಮವನ್ನು ವರ್ಷದ ಮೊದಲ ತರಗತಿಯಲ್ಲೇ ಹೇಳಿಕೊಟ್ಟಿರಬೇಕು. ಎರಡನೆಯದು, ಪಡುವಣಕ್ಕೆ ಬಾಯಿ ತೆರೆದ ಎಕ್ಸಾಸ್ಟ್ ಫ್ಯಾನ್. ಜೂನ್-ಜುಲೈ ತಿಂಗಳಲ್ಲಿ ಕಡಲ ಕಡೆಯಿಂದ ನುಗ್ಗುವ ನೈಋತ್ಯ ಗಾಳಿ ಹೊರಹಾಕಿದ ಹೊಗೆಯನ್ನು ಮತ್ತೆ ಒಳಗೇ ತಳ್ಳುತ್ತದೆ. ಊದುಬತ್ತಿ ಹಚ್ಚಿ ಫ್ಯಾನಿನ ಮುಂದೆ ಹಿಡಿದರೆ ಹೊಗೆ ಎತ್ತ ಹೋಗುತ್ತದೆಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಹೊತ್ತಿಕೊಳ್ಳುವ ದ್ರಾವಕಗಳೆಲ್ಲ ಒಳಗಿಟ್ಟ ಮೇಲೆಯೇ ಈ ಪರೀಕ್ಷೆ.

ಕೈಗವಸು ಹಾಕಿಕೊಂಡರೆ ಎಲ್ಲದರಿಂದಲೂ ರಕ್ಷಣೆ ಸಿಗುತ್ತದೆಯೇ?

ಇಲ್ಲ. ತೆಳು ನೈಟ್ರೈಲ್ ಗವಸು ತೆಳು ಆಮ್ಲ, ಕ್ಷಾರ, ಫಾರ್ಮಲಿನ್‌ಗಳ ಸಿಡಿತಕ್ಕೆ ಪರವಾಗಿಲ್ಲ, ಆದರೆ ಅಸಿಟೋನ್ ಮತ್ತು ಕ್ಲೋರೋಫಾರ್ಮ್ ಅದನ್ನು ಸ್ವಲ್ಪ ಹೊತ್ತಿನಲ್ಲೇ ದಾಟುತ್ತವೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರಜ್ಞೆ ಕ್ಯಾರೆನ್ ವೆಟರ್‌ಹಾನ್ ಅವರ ಲೇಟೆಕ್ಸ್ ಗವಸಿನ ಮೇಲೆ 1996ರ ಆಗಸ್ಟ್‌ನಲ್ಲಿ ಡೈಮೀಥೈಲ್ ಮರ್ಕ್ಯುರಿಯ ಒಂದೆರಡು ಹನಿ ಬಿದ್ದಿತ್ತು. ಗವಸು ಹರಿದಿರಲಿಲ್ಲ, ಹುಡ್ ನಡೆಯುತ್ತಿತ್ತು, ನಿಯಮಗಳೆಲ್ಲ ಪಾಲನೆಯಾಗಿದ್ದವು. ಆದರೂ 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅಂಥ ವಸ್ತು ನಮ್ಮ ಕಾಲೇಜುಗಳಲ್ಲಿ ಇಲ್ಲ. ಆದರೆ ಯಾವ ದ್ರವಕ್ಕೆ ಯಾವ ಗವಸು ಎಂಬ ಪ್ರಶ್ನೆ ಇಲ್ಲಿಯೂ ಅದೇ, ಮತ್ತು ಅದಕ್ಕೆ ಉತ್ತರ ರಾಸಾಯನಿಕದ ಜೊತೆ ಬರುವ ಸುರಕ್ಷತಾ ಮಾಹಿತಿ ಪತ್ರದ ಎಂಟನೆಯ ವಿಭಾಗದಲ್ಲಿರುತ್ತದೆ. ಆ ಪತ್ರದಲ್ಲಿ ಒಟ್ಟು 16 ವಿಭಾಗಗಳಿವೆ. ಪ್ರಥಮ ಚಿಕಿತ್ಸೆ ನಾಲ್ಕನೆಯದರಲ್ಲಿ, ಚೆಲ್ಲಿದರೆ ಮಾಡಬೇಕಾದ್ದು ಆರನೆಯದರಲ್ಲಿ, ಶೇಖರಣೆ ಏಳನೆಯದರಲ್ಲಿ. ಈ ನಾಲ್ಕು ವಿಭಾಗಗಳನ್ನಾದರೂ ಕನ್ನಡಕ್ಕೆ ಇಳಿಸಿ ಗೋಡೆಗೆ ಅಂಟಿಸಿದರೆ ಬಾಟಲಿಯನ್ನು ದಿನವೂ ಎತ್ತಿಡುವ ಅಟೆಂಡರ್‌ಗೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಮಳೆಗಾಲದಲ್ಲಿ ವಿದ್ಯಾರ್ಥಿಗಳು ಚಪ್ಪಲಿಯಲ್ಲೇ ಬರುತ್ತಾರಲ್ಲ?

ಒದ್ದೆ ಶೂ ಹಾಕಿಕೊಂಡು ದಿನವಿಡೀ ಕೂರಲಾಗದು ಎಂಬ ಅವರ ಕಷ್ಟ ನಿಜವೇ. ಪರಿಹಾರವೆಂದರೆ ಬೆರಳು ಮುಚ್ಚುವ ಒಂದು ಜೊತೆ ಅಗ್ಗದ ಶೂವನ್ನು ಲ್ಯಾಬಿನ ಹೊರಗಿನ ರ‍್ಯಾಕಿನಲ್ಲೇ ಇರಿಸಿಕೊಳ್ಳಲು ಹೇಳುವುದು. ಕೊಡೆ, ರೇನ್‌ಕೋಟು ಹೊರಗೇ ಇರಲಿ. ದುಪಟ್ಟಾ ಮತ್ತು ಸೆರಗನ್ನು ಹತ್ತಿಯ ಕೋಟಿನೊಳಗೆ ಸೇರಿಸಿ, ಜಡೆಯನ್ನು ಮೇಲಕ್ಕೆ ಕಟ್ಟಬೇಕು. ಪಾಲಿಯೆಸ್ಟರ್ ಕೋಟು ಬೇಡ, ಬೆಂಕಿ ತಗುಲಿದರೆ ಅದು ಕರಗಿ ಮೈಗೆ ಅಂಟುತ್ತದೆ.

ಲೇಬಲ್ ಕಳಚಿಹೋದ ಹಳೆಯ ಬಾಟಲಿಗಳನ್ನು ಏನು ಮಾಡಬೇಕು?

ಮೂಸಿ ನೋಡಿ ಗುರುತಿಸುವ ಸಾಹಸ ಬೇಡ. ಅದನ್ನು "ಗುರುತಿಲ್ಲದ ವಸ್ತು" ಎಂದು ಬರೆದು, ಸಿಕ್ಕ ಜಾಗ ಮತ್ತು ದಿನಾಂಕ ನಮೂದಿಸಿ, ಟ್ರೇಯಲ್ಲಿ ಪ್ರತ್ಯೇಕವಾಗಿ ಇಟ್ಟು, ಅಪಾಯಕಾರಿ ತ್ಯಾಜ್ಯದ ಜೊತೆ ಕಳಿಸಬೇಕು.

ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುವುದು ಸುಲಭ. ಮಳೆಗಾಲದ ಬೂಷ್ಟಿಗೆ ಅಂಟು ಬಿಟ್ಟುಕೊಳ್ಳುವುದರಿಂದ ಕಾಗದದ ಲೇಬಲ್ ಮೇಲೆ ಅಗಲವಾದ ಪಾರದರ್ಶಕ ಟೇಪನ್ನು ಬಾಟಲಿಯ ಸುತ್ತ ಒಂದು ಸುತ್ತು ಪೂರ್ತಿ ಹಾಕಬೇಕು. ಲೇಬಲ್ಲಿನಲ್ಲಿ ಪೂರ್ಣ ಹೆಸರು, ಗಾಢತೆ, ತೆರೆದ ಅಥವಾ ತಯಾರಿಸಿದ ದಿನಾಂಕ, ತಯಾರಿಸಿದವರ ಹೆಸರು ಮತ್ತು ಅಪಾಯದ ಗುರುತು ಇರಬೇಕು. ಕೆಂಪು ಅಂಚಿನ ವಜ್ರಾಕೃತಿಯ ಒಂಬತ್ತು ಅಂತರರಾಷ್ಟ್ರೀಯ ಗುರುತುಗಳನ್ನು ವಿದ್ಯಾರ್ಥಿಗಳಿಗೆ ಕಲಿಸಿ. ತಲೆಬುರುಡೆಯ ಅರ್ಥ ಎಲ್ಲರಿಗೂ ಗೊತ್ತು, ಆದರೆ ವೃತ್ತದ ಮೇಲಿನ ಜ್ವಾಲೆ ಉತ್ಕರ್ಷಕವನ್ನು ಸೂಚಿಸುತ್ತದೆಂಬುದು ಬಹಳ ಜನರಿಗೆ ತಿಳಿದಿಲ್ಲ.

ಸಿಂಕಿಗೆ ಸುರಿದು ಹೆಚ್ಚು ನೀರು ಬಿಟ್ಟರೆ ಆಗುವುದಿಲ್ಲವೇ?

ಈ ಪ್ರಶ್ನೆಗೆ ಉತ್ತರ ನಮ್ಮ ನೆಲದಲ್ಲಿದೆ. ಕರಾವಳಿಯ ಬಹುತೇಕ ಕಾಲೇಜುಗಳ ಸಿಂಕಿನ ನೀರು ಹೋಗುವುದು ಆವರಣದಲ್ಲೇ ಇರುವ ಇಂಗುಗುಂಡಿಗೆ. ಅದರ ಕೆಳಗಿರುವುದು ತೂತು ತೂತಾದ ಚಿರೆಕಲ್ಲು, ಅದರ ಕೆಳಗೆ ಮಳೆಗಾಲದಲ್ಲಿ ಕೈಗೆಟುಕುವಷ್ಟು ಮೇಲೇರುವ ಅಂತರ್ಜಲ, ಮತ್ತು ಪಕ್ಕದ ಕಾಂಪೌಂಡಿನಲ್ಲಿ ಯಾರದೋ ಮನೆಯ ಕುಡಿಯುವ ನೀರಿನ ತೆರೆದ ಬಾವಿ. ಚಿರೆಕಲ್ಲು ನೀರನ್ನು ಸೋಸುವುದಕ್ಕಿಂತ ಬೇಗ ದಾಟಿಸುತ್ತದೆ. ಹಾಗಾಗಿ ಹೆಚ್ಚು ನೀರು ಬಿಡುವುದೆಂದರೆ ವಿಷವನ್ನು ಬಾವಿಗೆ ಬೇಗ ಮುಟ್ಟಿಸಿದಂತೆ.

ತೆಳು ಹೈಡ್ರೋಕ್ಲೋರಿಕ್ ಆಮ್ಲ, ತೆಳು ಸೋಡಿಯಂ ಹೈಡ್ರಾಕ್ಸೈಡ್‌ನಂಥ, ಲೋಹದ ವಿಷವಿಲ್ಲದ ದ್ರಾವಣಗಳನ್ನು ಮಾತ್ರ ಪರಸ್ಪರ ತಟಸ್ಥಗೊಳಿಸಿ, ಪಿಎಚ್ 6ರಿಂದ 9ರೊಳಗೆ ಬಂದಿದೆಯೆಂದು ಕಾಗದದಲ್ಲಿ ನೋಡಿ ಬಿಡಬಹುದು. ಸೀಸ, ಪಾದರಸ, ಬೆಳ್ಳಿ, ತಾಮ್ರ, ಕ್ರೋಮಿಯಂ ಇರುವ ದ್ರಾವಣಗಳಿಗೆ ಒಂದೊಂದು ಬೇರೆ ಕ್ಯಾನ್ ಬೇಕು. ಕ್ಲೋರಿನ್ ಇರುವ ದ್ರಾವಕಗಳಿಗೆ ಒಂದು, ಅಸಿಟೋನ್-ಆಲ್ಕೊಹಾಲ್‌ಗಳಿಗೆ ಇನ್ನೊಂದು. ನೈಟ್ರಿಕ್ ಆಮ್ಲದ ಉಳಿಕೆಯನ್ನು ದ್ರಾವಕಗಳ ಕ್ಯಾನಿಗೆ ಹಾಕಿ ಮುಚ್ಚಳ ಬಿಗಿದರೆ ರಾತ್ರಿಯೊಳಗೆ ಕ್ಯಾನ್ ಒಡೆಯಬಹುದು.

ಡೈಕ್ರೋಮೇಟ್‌ನ ಉಳಿಕೆ ನಮ್ಮ ಲ್ಯಾಬುಗಳ ದೊಡ್ಡ ಪಿಡುಗು. ಆಮ್ಲೀಯ ದ್ರಾವಣಕ್ಕೆ ಫೆರಸ್ ಸಲ್ಫೇಟ್ ಹಾಕಿದರೆ ಕಿತ್ತಳೆ ಬಣ್ಣ ಹಸಿರಿಗೆ ತಿರುಗುತ್ತದೆ, ಅಂದರೆ ಕ್ಯಾನ್ಸರ್‌ಕಾರಕವಾದ ಆರು ವೇಲೆನ್ಸಿಯ ಕ್ರೋಮಿಯಂ ಮೂರಕ್ಕೆ ಇಳಿಯುತ್ತದೆ. ಆಮೇಲೆ ಸುಣ್ಣದಿಂದ ಪಿಎಚ್ ಅನ್ನು 8-9ಕ್ಕೆ ತಂದರೆ ಕೆಸರಾಗಿ ತಳ ಸೇರುತ್ತದೆ. ಆ ಕೆಸರನ್ನು ಒಣಗಿಸಿ ತ್ಯಾಜ್ಯದ ಡಬ್ಬಿಗೆ ಹಾಕಬೇಕು, ತೆಂಗಿನ ಬುಡಕ್ಕಲ್ಲ. ಗಾಜಿನ ಸಾಮಾನು ತೊಳೆಯಲು ಕ್ರೋಮಿಕ್ ಆಮ್ಲ ಬಳಸುವ ಹಳೆಯ ಪದ್ಧತಿಯನ್ನು ಪೂರ್ತಿ ಬಿಡುವುದು ಮೇಲು. ಒಳ್ಳೆಯ ಡಿಟರ್ಜೆಂಟು ಸಾಕಾಗುತ್ತದೆ. ಬೆಳ್ಳಿ ಕನ್ನಡಿ ಪರೀಕ್ಷೆಯ ಟಾಲೆನ್ಸ್ ದ್ರಾವಣವನ್ನಂತೂ ಮರುದಿನಕ್ಕೆ ಎತ್ತಿಡಲೇಬಾರದು. ನಿಂತಷ್ಟೂ ಅದರಲ್ಲಿ ಸ್ಫೋಟಕ ಬೆಳ್ಳಿಯ ಸಂಯುಕ್ತ ಉಂಟಾಗುವುದರಿಂದ ತರಗತಿ ಮುಗಿದ ಕೂಡಲೇ ತೆಳು ನೈಟ್ರಿಕ್ ಆಮ್ಲ ಹಾಕಿ ಕೆಡಿಸಿ, ಬೆಳ್ಳಿಯ ಕ್ಯಾನಿಗೆ ಸೇರಿಸಬೇಕು.

2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ಪ್ರಕಾರ ಇಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಒಂದು ಸಣ್ಣ ಕಾಲೇಜಿನ ಎರಡು ಕ್ಯಾನಿಗಾಗಿ ಘಟ್ಟ ಇಳಿದು ಯಾರು ಬರುತ್ತಾರೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರವಾರದ ಪ್ರಾದೇಶಿಕ ಕಚೇರಿಗೆ ಬರೆದು ಕೇಳುವುದು, ಮತ್ತು ತಾಲೂಕಿನ ಹಲವು ಕಾಲೇಜುಗಳು ಒಟ್ಟಾಗಿ ಅಧಿಕೃತ ಸಂಸ್ಥೆಗೆ ಒಪ್ಪಿಸುವುದು ಸದ್ಯಕ್ಕಿರುವ ದಾರಿ. ಅದಕ್ಕಿಂತ ಮುಖ್ಯವಾಗಿ ತ್ಯಾಜ್ಯವನ್ನೇ ಕಡಿಮೆ ಮಾಡಬಹುದು: ಗುಣಾತ್ಮಕ ವಿಶ್ಲೇಷಣೆಯನ್ನು ಪರೀಕ್ಷಾನಳಿಕೆಯ ಬದಲು ಗುಳಿಗಳಿರುವ ಬಿಳಿ ತಟ್ಟೆಯಲ್ಲಿ ಹನಿಗಳ ಲೆಕ್ಕದಲ್ಲಿ ಮಾಡಿಸಿದರೆ ಕ್ಯಾನ್ ತುಂಬಲು ವರ್ಷವೇ ಬೇಕಾಗುತ್ತದೆ.

ಥರ್ಮಾಮೀಟರ್ ಒಡೆದು ಪಾದರಸ ಚೆಲ್ಲಿದರೆ?

ಕಸಬರಿಗೆಯಿಂದ ಗುಡಿಸಬೇಡಿ, ಹನಿಗಳು ಇನ್ನೂ ಚಿಕ್ಕವಾಗಿ ನೆಲದ ಬಿರುಕು ಸೇರುತ್ತವೆ. ಕೈಯಲ್ಲಿ ಚಿನ್ನದ ಉಂಗುರ, ಬಳೆ ಇದ್ದರೆ ಮೊದಲು ತೆಗೆಯಿರಿ, ಪಾದರಸ ಚಿನ್ನವನ್ನು ಹಿಡಿದು ಹಾಳುಮಾಡುತ್ತದೆ. ಕಿಟಕಿ ತೆರೆದು, ಎರಡು ರಟ್ಟಿನ ತುಂಡುಗಳಿಂದ ಹನಿಗಳನ್ನು ಒಟ್ಟುಗೂಡಿಸಿ, ಡ್ರಾಪರ್‌ನಿಂದ ಎತ್ತಿ ನೀರಿರುವ ಬಾಟಲಿಯಲ್ಲಿ ಮುಚ್ಚಿಡಿ. ಬಿರುಕುಗಳಿಗೆ ಗಂಧಕದ ಪುಡಿ ಉದುರಿಸಿ. ಆಲ್ಕೊಹಾಲ್ ಥರ್ಮಾಮೀಟರ್ ತರಿಸಿದರೆ ಈ ರಗಳೆಯೇ ಇಲ್ಲ.

ಆಮ್ಲದ ದಾಸ್ತಾನಿಗೆ ಕಾನೂನಿನ ಕಟ್ಟುಪಾಡು ಇದೆಯೇ?

ಇದೆ. ಆಸಿಡ್ ದಾಳಿಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ನೀಡಿದ ನಿರ್ದೇಶನದ ಪ್ರಕಾರ ಶಿಕ್ಷಣ ಸಂಸ್ಥೆಗಳು ಆಮ್ಲ ಬಳಕೆಯ ರಿಜಿಸ್ಟರ್ ಇಟ್ಟು ಅದನ್ನು ಉಪವಿಭಾಗಾಧಿಕಾರಿಗಳಿಗೆ ಸಲ್ಲಿಸಬೇಕು. ದಾಸ್ತಾನಿಗೆ ಒಬ್ಬರು ಹೊಣೆಗಾರರಾಗಿರಬೇಕು, ಲ್ಯಾಬಿನಿಂದ ಹೊರಹೋಗುವವರ ತಪಾಸಣೆಯೂ ನಡೆಯಬೇಕು. ನಮ್ಮ ಜಿಲ್ಲೆಯಲ್ಲಿ ಕಾರವಾರ, ಕುಮಟಾ, ಭಟ್ಕಳ, ಶಿರಸಿ ಉಪವಿಭಾಗಗಳಿವೆ. ನಿಮ್ಮ ತಾಲೂಕು ಯಾವುದಕ್ಕೆ ಸೇರುತ್ತದೋ ಆ ಕಚೇರಿಗೆ ಸಲ್ಲಿಸಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.

ಹುಬ್ಬಳ್ಳಿಯಿಂದ ಆಮ್ಲದ ಬಾಟಲಿಗಳನ್ನು ಬಸ್ಸಿನಲ್ಲಿ ತರಬಹುದೇ?

ಬೇಡ. ಅರಬೈಲ್ ಅಥವಾ ದೇವಿಮನೆ ಘಟ್ಟದ ತಿರುವುಗಳಲ್ಲಿ ಸೀಟಿನ ಕೆಳಗಿನ ಗಾಜಿನ ಬಾಟಲಿ ಏನಾದೀತೆಂದು ಊಹಿಸಬಹುದು. ರೈಲಿನ ಬೋಗಿಯಲ್ಲಿ ಅಪಾಯಕಾರಿ ವಸ್ತು ಒಯ್ಯುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಮಾರಾಟಗಾರರ ವಾಹನದಲ್ಲೇ, ಮೂಲ ಪ್ಯಾಕಿಂಗ್‌ನಲ್ಲೇ ತರಿಸಿ, ಅದೂ ಮೇ ತಿಂಗಳೊಳಗೆ. 2024ರ ಜುಲೈನಲ್ಲಿ ಶಿರೂರಿನ ಬಳಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದ್ದನ್ನು ಕಂಡವರಿಗೆ ಮಳೆಗಾಲದ ರಸ್ತೆಯನ್ನು ನಂಬಿ ಕೂರಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಆಮ್ಲ ಕಣ್ಣಿಗೆ ಅಥವಾ ಮೈಗೆ ಬಿದ್ದರೆ ತಕ್ಷಣ ಏನು ಮಾಡಬೇಕು?

ನೀರು, ತಕ್ಷಣ, ಕನಿಷ್ಠ 15 ನಿಮಿಷ. ಕಣ್ಣಾದರೆ ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು, ಮೂಗಿನ ಕಡೆಯಿಂದ ಹೊರಗಿನ ಕಡೆಗೆ ನೀರು ಹರಿಯುವಂತೆ ತಲೆ ಓರೆ ಮಾಡಿಸಿ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಬೇಕು. 15 ನಿಮಿಷ ಎಂಬುದು ಆ ಹೊತ್ತಿನಲ್ಲಿ ಬಹಳ ಉದ್ದವೆನಿಸುತ್ತದೆ, ಎರಡು ನಿಮಿಷಕ್ಕೇ ಸಾಕೆನಿಸಿ ಆಸ್ಪತ್ರೆಗೆ ಓಡುವವರೇ ಹೆಚ್ಚು. ಒಬ್ಬರು ಗಡಿಯಾರ ನೋಡಲಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕ್ಷಾರ ಬಿದ್ದ ಕಣ್ಣಿಗೆ ಇನ್ನೂ ಹೆಚ್ಚು ಹೊತ್ತು ನೀರು ಬೇಕು, ಏಕೆಂದರೆ ಕ್ಷಾರ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ.

ಮೈಮೇಲಿನ ಆಮ್ಲಕ್ಕೆ ಅಡುಗೆ ಸೋಡಾ ಹಚ್ಚಿ ತಟಸ್ಥಗೊಳಿಸಲು ಹೋಗಬೇಡಿ, ಅದರಿಂದ ಹುಟ್ಟುವ ಶಾಖವೂ ಸುಡುತ್ತದೆ. ಸೋಡಾ ನೆಲದ ಮೇಲೆ ಚೆಲ್ಲಿದ್ದಕ್ಕೆ. ತೊಯ್ದ ಬಟ್ಟೆಯನ್ನು ನಾಚಿಕೆ ಬಿಟ್ಟು ಕೂಡಲೇ ಕಳಚಬೇಕು; ಇದಕ್ಕಾಗಿ ಲ್ಯಾಬಿನಲ್ಲಿ ಒಂದು ಹೊದಿಕೆ ಇಟ್ಟಿರಬೇಕು. ತೆಂಗಿನೆಣ್ಣೆ, ಟೂತ್‌ಪೇಸ್ಟ್, ಅರಿಶಿನ ಯಾವುದೂ ಬೇಡ. ನುಂಗಿದ್ದರೆ ವಾಂತಿ ಮಾಡಿಸಬಾರದು, ಗಂಟಲು ಎರಡನೆಯ ಸಲ ಸುಡುತ್ತದೆ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಆಸ್ಪತ್ರೆಗೆ ಹೋಗುವಾಗ ಸುರಕ್ಷತಾ ಮಾಹಿತಿ ಪತ್ರವನ್ನು ಅಥವಾ ಲೇಬಲ್ಲಿನ ಫೋಟೋವನ್ನು ಜೊತೆಗೆ ಒಯ್ಯಿರಿ, ವೈದ್ಯರು ಮೊದಲು ಕೇಳುವುದು ಅದನ್ನೇ.

ನಮ್ಮದು ಹಳ್ಳಿಯ ಪ್ರೌಢಶಾಲೆ. ಫ್ಯೂಮ್ ಹುಡ್ ಇಲ್ಲ, ಹಣವೂ ಇಲ್ಲ. ಏನು ಮಾಡಬಹುದು?

ಹುಡ್ ಇಲ್ಲದಲ್ಲಿ ಕ್ಲೋರಿನ್, ಹೈಡ್ರೋಜನ್ ಸಲ್ಫೈಡ್, ಬ್ರೋಮಿನ್, ನೈಟ್ರೋಜನ್ ಡೈಆಕ್ಸೈಡ್‌ಗಳ ಪ್ರಯೋಗ ಮಾಡಿಸಬೇಡಿ, ಬೇಕಾದರೆ ವಿಡಿಯೊ ತೋರಿಸಿ. ಬೆಂಜೀನ್ ಮತ್ತು ಕಾರ್ಬನ್ ಟೆಟ್ರಾಕ್ಲೋರೈಡ್‌ನ ಹಳೆಯ ಬಾಟಲಿ ಇದ್ದರೆ ಬಳಕೆಯಿಂದ ಹೊರಗಿಡಿ. ಬಾಯಿಯಿಂದ ಪಿಪೆಟ್ ಎಳೆಯುವುದನ್ನು ಇಂದಿನಿಂದಲೇ ನಿಲ್ಲಿಸಿ ರಬ್ಬರ್ ಬಲ್ಬ್ ಕೊಡಿಸಿ. ಅದಕ್ಕೆ ಕನ್ನಡಕಗಳನ್ನು, ಮುಚ್ಚಳವಿರುವ ಮರಳಿನ ಡಬ್ಬಿಯನ್ನು ಮತ್ತು ನಲ್ಲಿಗೆ ಸಿಕ್ಕಿಸಿದ ಒಂದು ಮಾರು ಮೆತ್ತನೆಯ ರಬ್ಬರ್ ಪೈಪನ್ನು ಸೇರಿಸಿ; ಆ ಪೈಪೇ ಕಣ್ಣು ತೊಳೆಯುವ ಸಾಧನವಾಗುತ್ತದೆ. ಟ್ಯಾಂಕಿನಲ್ಲಿ ನೀರಿದೆಯೇ ಎಂದು ಪ್ರಯೋಗಕ್ಕೆ ಮೊದಲು ನಲ್ಲಿ ತಿರುಗಿಸಿ ನೋಡಿ; ಏಪ್ರಿಲ್ ತಿಂಗಳಲ್ಲಿ ಬಾವಿ ಬತ್ತಿ ನಲ್ಲಿ ಒಣಗಿದ್ದರೆ ಅಂದಿನ ಆಮ್ಲದ ಪ್ರಯೋಗವನ್ನು ಮುಂದೂಡಿ.